ವೈದ್ಯನ ಮುಂದೆ ಸತ್ಯ



ರೋಗ ಬಂದ ಮೇಲೆ ವೈದ್ಯನ ಬಳಿಗೆ ಹೋಗುವದು ನಮಗೆಲ್ಲರಿಗೂ ತಿಳಿದ ಸಂಗತಿ. ರೋಗದ ಸುಳಿವೇ ಇಲ್ಲದಿರುವಾಗ ದೇಹವನ್ನು ಪರೀಕ್ಷೆಗೆ ಒಪ್ಪಿಸುವದಾದರೋ ನಮ್ಮ ಹಳ್ಳಿಗಳಲ್ಲಿ ಹೊಸ ರೂಢಿ. ಈಗ ನಮ್ಮ ದೇಶದಲ್ಲಿ 30 ವರ್ಷ ತುಂಬಿದ ಸ್ತ್ರೀಪುರುಷರಿಗೆ ರಕ್ತದ ಒತ್ತಡ, ಸಕ್ಕರೆ ರೋಗ, ಬಾಯಿಯ ಕ್ಯಾನ್ಸರ್ ಮುಂತಾದವುಗಳ ತಪಾಸಣೆಯನ್ನು ಸರಕಾರದ ಆರೋಗ್ಯ ಕೇಂದ್ರಗಳಲ್ಲಿ ಮಾಡುತ್ತಾರೆ. 2018ರಲ್ಲಿ ಆರಂಭವಾಗಿ 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರವೆಂಬ ಹೆಸರು ಹೊಂದಿದ ಕೇಂದ್ರಗಳು ಅನೇಕ ಊರುಗಳ ಸಮೀಪದಲ್ಲಿಯೇ ಉಂಟು. ಆಶಾ ಕಾರ್ಯಕರ್ತೆಯು ಮನೆಗೆ ಬಂದು ವಯಸ್ಸು, ಹೊಗೆಸೊಪ್ಪು, ಮದ್ಯ, ಸೊಂಟದ ಸುತ್ತಳತೆ, ಮನೆತನದಲ್ಲಿರುವ ರೋಗ ಇವುಗಳನ್ನು ಕೇಳಿ ಬರೆದುಕೊಳ್ಳುವಳು. ಇಂಥ ಪರೀಕ್ಷೆಗೆ ಸಿದ್ಧವಾಗುವದೆಂದರೇನು ಎಂಬ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸೋಣ.

ಈ ವಿಚಾರವನ್ನು ನಾನು ಪರರಿಗೆ ಬುದ್ಧಿ ಹೇಳುವದಕ್ಕಾಗಿ ಎತ್ತಿದ್ದಲ್ಲ. ಕೆಲವು ವರ್ಷಗಳ ಕೆಳಗೆ ನನ್ನ ತಪಾಸಣೆಯ ದಿನವು ಗೊತ್ತಾದಾಗ, ಎಂಟು ದಿನ ಮುಂಚಿತವಾಗಿಯೇ ಕಾಫಿಗೆ ಬೆಲ್ಲ ಹಾಕುವದನ್ನು ಬಿಟ್ಟೆನು. ಮುದ್ದೆ, ಸೊಪ್ಪಿನ ಸಾರು ಮಾತ್ರ ಉಂಡೆನು. ಬೆಳಿಗ್ಗೆ ಸಾಯಂಕಾಲ ಕೆರೆಯ ಏರಿಯ ಮೇಲೆ ನಡೆದೆನು. ಬರಿಹೊಟ್ಟೆಯ ಸಕ್ಕರೆಯು 118 ಎಂದು ಬಂತು. 126ರ ಗಡಿಯನ್ನು ಮುಟ್ಟಲಿಲ್ಲವಲ್ಲಾ ಎಂದು ನಾನು ಒಳಗೊಳಗೇ ಹಿಗ್ಗಿದೆನು. ಆದರೆ ಅದೇ ರಕ್ತದಲ್ಲಿ ಮಾಡಿದ ಎಚ್.ಬಿ.ಎ.1ಸಿ. ಎಂಬ ಇನ್ನೊಂದು ಪರೀಕ್ಷೆಯು 6.9 ಎಂದು ತೋರಿಸಿತು, 6.5 ಮತ್ತು ಅದಕ್ಕೆ ಮೇಲ್ಪಟ್ಟದ್ದು ಸಕ್ಕರೆ ರೋಗದ ಗುರುತು. ಯಾಕಂದರೆ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ. ಅವುಗಳಿಗೆ ಅಂಟಿಕೊಂಡ ಸಕ್ಕರೆಯು ಹಿಂದಿನ ಎರಡು ಮೂರು ತಿಂಗಳ ನಡತೆಯನ್ನು ಹೇಳುವದು. ಎಂಟು ದಿನಗಳ ನನ್ನ ಸದಾಚಾರವು ಅದರ ಮುಂದೆ ನಿಲ್ಲಲಿಲ್ಲ. ಡಾಕ್ಟರರು ನನ್ನನ್ನು ಗದರಿಸಲಿಲ್ಲ. ಆದರೂ ನಾನು ತಲೆ ತಗ್ಗಿಸಿದೆನು.

ನಾನು ಸುಳ್ಳಾಡಿದೆನೋ? ಬಾಯಿಂದ ಒಂದು ಮಾತನ್ನೂ ಸುಳ್ಳಾಗಿ ಹೇಳಲಿಲ್ಲ. ಮದುವೆಗೆ ಹೋಗುವವನು ಮಡಿಬಟ್ಟೆ ಉಡುವದಿಲ್ಲವೋ, ನೆಂಟರು ಬರುವಾಗ ಅಂಗಳ ಸಾರಿಸುವದಿಲ್ಲವೋ, ಹಾಗೆಯೇ ಇದೂ ಎಂದು ಒಬ್ಬರು ವಾದಿಸಿಯಾರು. ಆದರೆ ನೆಂಟನು ನಮ್ಮ ಮನೆಯನ್ನು ಅಳೆಯುವದಕ್ಕೆ ಬರುವದಿಲ್ಲ. ಇದಕ್ಕೆ ಸರಿಯಾದ ಹೋಲಿಕೆ ಮಣ್ಣಿನ ಪರೀಕ್ಷೆಯೇ. ಹೊಲದ ಮಣ್ಣನ್ನು ಪರೀಕ್ಷೆಗೆ ಕಳುಹಿಸುವಾಗ ತಿಪ್ಪೆಯ ಬದಿಯಿಂದಲಾಗಲಿ, ಬದುವಿನ ಅಂಚಿನಿಂದಲಾಗಲಿ, ಮರದ ಬುಡದಿಂದಲಾಗಲಿ ತೆಗೆಯಬಾರದೆಂದು ರೈತರಿಗೆ ಹೇಳುತ್ತಾರೆ. ತಿಪ್ಪೆಯ ಬದಿಯ ಮಣ್ಣನ್ನು ಕಳುಹಿಸಿದವನಿಗೆ ಒಳ್ಳೇ ಚೀಟಿ ದೊರೆತೀತು, ಬೆಳೆ ದೊರೆಯದು. ನಾನು ಮಾಡಿದ್ದೂ ಅದೇ. ವಂಚನೆಯ ಫಲವು ವಂಚಕನ ತಲೆಯ ಮೇಲೆಯೇ ಬೀಳುವ ವ್ಯವಹಾರವಿದು.

ಆದಕಾರಣ ಸಿದ್ಧತೆಯಲ್ಲಿ ಎರಡು ವಿಧಗಳುಂಟು: ಸತ್ಯವು ತಿಳಿಯಲೆಂದು ಮಾಡುವದು ಒಂದು, ಸತ್ಯವು ಮರೆಯಾಗಲೆಂದು ಮಾಡುವದು ಇನ್ನೊಂದು. ಮೊದಲನೆಯದನ್ನು ತಪ್ಪದೆ ಮಾಡತಕ್ಕದ್ದು. ಬರಿಹೊಟ್ಟೆಯ ಪರೀಕ್ಷೆಗೆ ಕಡಿಮೆಯೆಂದರೆ 8 ತಾಸು ಏನೂ ತಿನ್ನಬಾರದು, ನೀರು ಕುಡಿಯಬಹುದು. ದಿನಾಲು ಮಾತ್ರೆ ನುಂಗುವವರು ಆ ಬೆಳಿಗ್ಗೆ ಏನು ಮಾಡಬೇಕೆಂದು ಮುಂಚೆಯೇ ಕೇಳಿಕೊಳ್ಳಬೇಕು. ರಕ್ತದ ಒತ್ತಡ ನೋಡುವದಕ್ಕೆ ಮೊದಲು ಅರ್ಧ ತಾಸು ಕಾಫಿ, ಚಹಾ, ಬೀಡಿ, ಹೊಗೆಸೊಪ್ಪು ಬೇಡ, ಮೂತ್ರ ಮಾಡಿ ಬಂದು, ಬೆನ್ನಿಗೆ ಆಧಾರ ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿ, 5 ನಿಮಿಷ ಸುಮ್ಮನೆ ಕೂಡ್ರಬೇಕು, ಅಳೆಯುವಾಗ ಮಾತಾಡಬಾರದು. ನುಂಗುವ ಮಾತ್ರೆಗಳನ್ನೂ ನಾಟಿ ಔಷಧವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಬೇಕು. ಇವೆಲ್ಲಾ ಅಳತೆಯನ್ನು ಸರಿಯಾಗಿಸುತ್ತವೆ. ಉಳಿದ ದಿನಗಳಲ್ಲಿ ಎಂದಿನಂತೆ ಉಂಡು, ಎಂದಿನಂತೆ ದುಡಿದು, ಇದ್ದ ಹಾಗೆಯೇ ಹೋಗುವದು ಲೇಸು. ಎಷ್ಟು ಕುಡಿಯುತ್ತೀರೆಂದು ಕೇಳಿದರೆ ಎಷ್ಟೆಂಬದನ್ನೇ ಹೇಳಬೇಕು.

ಇನ್ನು ಕೆಲವರು, ತಿಳಿಯದಿದ್ದರೇ ನೆಮ್ಮದಿ, ತಿಳಿದರೆ ಚಿಂತೆ ಎಂದು ಹೋಗುವದೇ ಇಲ್ಲ. ಈ ಭಯವನ್ನು ನಾನು ಹಾಸ್ಯಮಾಡಲಾರೆನು. ಆದರೆ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕತ್ತಲಾಗುವದೋ? ರಕ್ತದ ಒತ್ತಡವು ಹೆಚ್ಚಾದರೂ ಬಹಳ ಮಂದಿಗೆ ಯಾವ ನೋವೂ ತೋರುವದಿಲ್ಲ. ಅದು ಸದ್ದಿಲ್ಲದೆ ಹೃದಯವನ್ನೂ ಮೂತ್ರಪಿಂಡವನ್ನೂ ಕೆಡಿಸಿ, ಒಂದು ದಿನ ಪಾರ್ಶ್ವವಾಯುವಾಗಿ ಎರಗೀತು. ಆಗ ಹಾಸಿಗೆಯಲ್ಲಿ ಬಿದ್ದವನನ್ನು ಎತ್ತಿ ಕೂಡ್ರಿಸುವವಳು ಹೆಂಡತಿ. ಶಾಲೆ ಬಿಟ್ಟು ಕೂಲಿಗೆ ಹೋಗುವವನು ಮಗ. ನನ್ನ ದೇಹವು ನನ್ನೊಬ್ಬನದೇ ಎನ್ನುವವನು ಆ ಮನೆಯನ್ನು ನೋಡಿ ಹೇಳಲಿ. ತಾಯಂದಿರು ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವಂತೆ ತಪಾಸಣೆಗೂ ಕಡೆಗೇ ಹೋಗುತ್ತಾರೆ, ಇಲ್ಲವೆ ನಾಚಿಕೆಯಿಂದ ಹೋಗುವದೇ ಇಲ್ಲ. ಸ್ತನದ ಮತ್ತು ಗರ್ಭಕಂಠದ ಕ್ಯಾನ್ಸರುಗಳನ್ನು ಬೇಗ ಕಂಡುಹಿಡಿದರೆ ಗುಣವಾಗುವ ನಿರೀಕ್ಷೆ ಬಹಳ ಹೆಚ್ಚೆಂಬದನ್ನು ಅವರ ಗಂಡಂದಿರೂ ತಿಳಿದಿರಬೇಕು.

ಕಡೆಯದಾಗಿ ಒಂದು ಮಾತು. ರೋಗಿಯು ಯಾಕೆ ಮರೆಮಾಡುತ್ತಾನೆ? ಅನೇಕ ವೇಳೆ ರೋಗಕ್ಕಿಂತಲೂ ಊರ ಬಾಯಿಗೆ ಹೆದರಿಯೇ. ಇವನಿಗೆ ಸಕ್ಕರೆಯಂತೆ, ಅವನು ಕುಡಿಯುವನಂತೆ ಎಂದು ಚಹದ ಅಂಗಡಿಯಲ್ಲಿ ಕೂತು ಆಡುವ ನಮ್ಮ ನಾಲಿಗೆಗಳೇ ನೆರೆಯವನ ಬಾಯಿಗೆ ಬೀಗ ಹಾಕುತ್ತವೆ. ಹಾಗಾದರೆ ಅವನ ಸುಳ್ಳಿನಲ್ಲಿ ನಮಗೂ ಪಾಲುಂಟು. ಪರೀಕ್ಷಿಸುವವರು ಹತ್ತು ಜನರ ಕಿವಿಗೆ ಬೀಳದಂತೆ ಕೇಳಲಿ. ನಾವು ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳೋಣ. ಸತ್ಯ ಹೇಳಿದವನು ಅವಮಾನಪಡದ ಊರಿನಲ್ಲಿ ಸತ್ಯ ಹೇಳುವದು ಸುಲಭವಾಗುವದು.

ನನ್ನ ಮುಂದಿನ ತಪಾಸಣೆಯು ಸಮೀಪಿಸಿದೆ. ಈ ಸಾರಿ ನಾನು ಎಂಟು ದಿನದ ಸಿದ್ಧತೆಯನ್ನು ಮಾಡಲಿಲ್ಲ. ಬೆಲ್ಲವನ್ನು ಬಿಟ್ಟು ವರ್ಷವಾಯಿತು. ಎಡವಿದ ದಿನಗಳೂ ಉಂಟು, ಅವುಗಳನ್ನೂ ಹೇಳುವೆನು.