ಕೇಳಲಾರದ ಹಸಿವು

ಸಾರಿಗೆ ಉಪ್ಪು ಹಾಕಲು ಮರೆತರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಚಿಕ್ಕ ಮಗುವೂ ಸಪ್ಪೆ ಎಂದು ತಟ್ಟೆ ಸರಿಸುತ್ತದೆ. ಅದೇ ಉಪ್ಪಿನಲ್ಲಿ ಅಯೋಡಿನ್ ಇಲ್ಲದಿದ್ದರೆ ಯಾವ ನಾಲಿಗೆಯೂ ದೂರುವುದಿಲ್ಲ. ನೀರು ಬೇಕಾದಾಗ ಬಾಯಾರುತ್ತದೆ, ಅನ್ನ ಬೇಕಾದಾಗ ಹೊಟ್ಟೆ ಚುರುಗುಟ್ಟುತ್ತದೆ. ಅಯೋಡಿನ್ ಬೇಕೆಂದು ಹೇಳಿಕೊಳ್ಳಲು ಮಾತ್ರ ದೇಹಕ್ಕೆ ದನಿಯಿಲ್ಲ. ಇಷ್ಟು ಅವಶ್ಯವಾದ ವಸ್ತುವಿಗೆ ಹಸಿವನ್ನೇ ಕೊಡದೆ ಸೃಷ್ಟಿ ನಮ್ಮನ್ನು ಏಕೆ ಬಿಟ್ಟಿತು ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ಬೇಕಾದದ್ದಾದರೂ ಎಷ್ಟು? ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಬಸುರಿಗೆ 250. ಎಪ್ಪತ್ತು ವರ್ಷದ ಬಾಳಿಗೆ ಬೇಕಾದುದನ್ನೆಲ್ಲ ಕೂಡಿಸಿದರೂ ನಾಲ್ಕು ಗ್ರಾಂ ತುಂಬದು. ಆದರೆ ಒಂದೇ ದಿನ ತಿಂದು ಋಣ ತೀರಿಸುವಂತಿಲ್ಲ. ದೇಹ ಕೂಡಿಟ್ಟುಕೊಳ್ಳುವುದು 15ರಿಂದ 20 ಮಿಲಿಗ್ರಾಂ, ಅದರಲ್ಲೂ ಹೆಚ್ಚಿನದು ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯಲ್ಲಿ. ಹೊರಗಿನಿಂದ ಬರುವುದು ಕಡಿಮೆಯಾದರೆ, ಸಿಕ್ಕ ಚೂರನ್ನಾದರೂ ಹಿಡಿದುಕೊಳ್ಳಲು ಆ ಗ್ರಂಥಿ ಹಿಗ್ಗುತ್ತದೆ. ಅದೇ ಗಳಗಂಡ. ಊದಿದ ಕತ್ತನ್ನು ಕಂಡಾಗ ನನಗೆ ನೆನಪಾಗುವುದು ಒಡ್ಡಿದ ಬೊಗಸೆ. ದನಿಯಿಲ್ಲದ ದೇಹ ಬೇಡುವ ರೀತಿ ಅದು.

1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯ ಚೂರುಗಳನ್ನು ತಿನ್ನಿಸಿದ. ಅವು ಅವಧಿಗೆ ಮೊದಲೇ ಕಾಲು ಮೂಡಿಸಿಕೊಂಡು ಪುಟಾಣಿ ಕಪ್ಪೆಗಳಾದವು. ಗ್ರಂಥಿಯನ್ನೇ ತೆಗೆದ ಗೊದಮೊಟ್ಟೆ ಬೆಳೆಯುತ್ತಲೇ ಹೋಗುತ್ತದೆ, ಕಪ್ಪೆಯಾಗುವುದಿಲ್ಲ. ಬೆಳೆಯುವುದೇ ಬೇರೆ, ಆಗುವುದೇ ಬೇರೆ ಎಂಬ ಈ ಮಾತನ್ನು ನಾನು ಮತ್ತೆ ಮತ್ತೆ ಮೆಲುಕು ಹಾಕಿದ್ದೇನೆ. ಗರ್ಭದ ಕೂಸಿನ ಕಥೆಯೂ ಅದೇ. ಮೊದಲ ಮೂರು ತಿಂಗಳು ಅದಕ್ಕೆ ಅಯೋಡಿನ್ನಿನಿಂದಾಗುವ ಥೈರಾಯ್ಡ್ ಹಾರ್ಮೋನು ಸ್ವಂತವಾಗಿ ಇರುವುದಿಲ್ಲ; ತಾಯಿಯದೇ ಆಧಾರ. ಆಗ ತಾಯಿಯಲ್ಲಿ ಅಯೋಡಿನ್ ತೀರ ಕಡಿಮೆಯಿದ್ದರೆ ಮಗುವಿನ ಬುದ್ಧಿ ಕುಂದಬಹುದು, ಕಿವಿ ಕೇಳಿಸದೆ ಹೋಗಬಹುದು. ಆಮೇಲೆ ಎಷ್ಟು ಉಣಿಸಿದರೂ ಕಳೆದದ್ದು ಮರಳದು.

ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ ಎರಡು ಪಾಠ ಹೇಳುತ್ತಾನೆ. ತಿಂದ ಅನ್ನದ ಅತಿ ಸೂಕ್ಷ್ಮ ಭಾಗವೇ ಮನಸ್ಸಾಗುತ್ತದೆ ಎಂಬುದು ಒಂದು. ನೀರಿನಲ್ಲಿ ಕರಗಿದ ಉಪ್ಪು ಕಾಣದಿದ್ದರೂ ಎಲ್ಲೆಡೆ ಇದೆ ಎಂಬುದು ಇನ್ನೊಂದು. ಋಷಿಗೆ ಅಯೋಡಿನ್ ಗೊತ್ತಿತ್ತು ಎನ್ನುವ ಹುಂಬತನ ನನಗಿಲ್ಲ. ಆದರೆ ಅಡುಗೆಮನೆಯ ಉಪ್ಪಿನ ಭರಣಿ ಕಂಡಾಗ ಆ ಎರಡು ಪಾಠಗಳು ಒಂದಾಗಿ ಕೇಳಿಸುತ್ತವೆ. ಶ್ವೇತಕೇತು ನಾಲಿಗೆಗಿಟ್ಟು ಉಪ್ಪನ್ನು ಗುರುತಿಸಿದ. ಅಯೋಡಿನ್ನನ್ನು ನಾಲಿಗೆ ಗುರುತಿಸಲಾರದು.

ಮಣ್ಣಿನಲ್ಲಿದ್ದ ಅಯೋಡಿನ್ನನ್ನು ಮಳೆ ತೊಳೆದು ಕಡಲಿಗೆ ಒಯ್ಯುತ್ತದೆ. ಆದ್ದರಿಂದ ಹಿಮಾಲಯದ ತಪ್ಪಲಿನಲ್ಲೂ ಆಲ್ಪ್ಸ್ ಕಣಿವೆಗಳಲ್ಲೂ ಗಳಗಂಡ ಮನೆಮಾತಾಗಿತ್ತು. ನಮ್ಮ ಚಿಕ್ಕಮಗಳೂರು, ಕೊಡಗುಗಳಲ್ಲೂ ಅದು ಕಾಣಿಸಿತು. ನಾವು ಹಸಿರಿನ ಸಮೃದ್ಧಿ ಎಂದು ಹಾಡಿ ಹೊಗಳುವ ಮಳೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಒಯ್ಯುತ್ತದೆ. ಕಡಲ ಉಪ್ಪಿನಲ್ಲಿ ಅಯೋಡಿನ್ ಸಿಕ್ಕೀತು ಎಂದುಕೊಂಡರೆ ಅದೂ ತಪ್ಪು: ನೀರು ಇಂಗಿಸಿ ತೆಗೆದ ಉಪ್ಪಿನಲ್ಲಿ ಉಳಿಯುವ ಅಯೋಡಿನ್ ಯಾತಕ್ಕೂ ಸಾಲದು.

1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯನ್ನು ಮೂರು ಭಾಗ ಮಾಡಿಕೊಂಡರು. ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಬರಿಯ ಉಪ್ಪು. ಕೆಲವೇ ವರ್ಷಗಳಲ್ಲಿ ಆ ಎರಡು ಭಾಗಗಳಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದರ ಹಿಂದೆ ಈ ಕೆಲಸವಿದೆ. ಬರಿಯ ಉಪ್ಪು ತಿಂದ ಮೂರನೆಯ ಭಾಗದ ತಾಯಂದಿರ ನೆನಪೂ ನನಗಾಗುತ್ತದೆ. ಅದೇ ಬಿಳುಪು, ಅದೇ ರುಚಿ. ಅವರಿಗೆ ಏನು ತಪ್ಪಿಹೋಯಿತೆಂದು ಅವರ ನಾಲಿಗೆ ಹೇಳಲಿಲ್ಲ. ನಮ್ಮ ತಿಳಿವಳಿಕೆ ಅವರಿಗೂ ಋಣಿ.

ನನ್ನ ಪ್ರಶ್ನೆಗೆ ನನಗೆ ಹೊಳೆದ ಉತ್ತರ ಇಷ್ಟು. ಕೆಲವು ಹಸಿವುಗಳನ್ನು ಒಬ್ಬರ ಪರವಾಗಿ ಇನ್ನೊಬ್ಬರು ಅರಿಯಬೇಕು. ಕೂಸಿನ ಪರವಾಗಿ ತಾಯಿ, ತಾಯಿಯ ಪರವಾಗಿ ಮನೆ, ಮನೆಯ ಪರವಾಗಿ ನಾಡು. ಮನೆಗೆ ಬರುವ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬ ನಿಯಮ ಅಂಥ ಅರಿವಿನಿಂದ ಹುಟ್ಟಿದ್ದು. ಈಗ ಸಹಜ ಎಂಬ ಹೆಸರಿನಲ್ಲಿ ಅಯೋಡಿನ್ ಬೆರೆಸದ ಸೈಂಧವ ಲವಣ, ಬರಿಯ ಕಲ್ಲುಪ್ಪು ಅಡುಗೆಮನೆಗೆ ಮರಳುತ್ತಿವೆ. ಥೈರಾಯ್ಡ್ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ವೈದ್ಯರ ಮಾತು ಕೇಳಲಿ. ಅತಿಯಾದರೆ ಅಯೋಡಿನ್ನೂ ಕೆಡುಕೇ. ಉಳಿದವರಲ್ಲಿ, ಅದರಲ್ಲೂ ಮನೆಯಲ್ಲಿ ಬಸುರಿ ಇರುವವರಲ್ಲಿ ನನ್ನದೊಂದೇ ಕೋರಿಕೆ: ಇಂದು ಉಪ್ಪಿನ ಪ್ಯಾಕೆಟ್ ತಿರುಗಿಸಿ ಅಯೋಡಿನ್ ಎಂದು ಬರೆದಿದೆಯೇ ನೋಡಿ, ಭರಣಿಯ ಮುಚ್ಚಳ ಗಟ್ಟಿಯಾಗಿ ಹಾಕಿಡಿ.