ಯಂತ್ರಶಾಲೆಯಲ್ಲಿ ಕರ್ತೃತ್ವವಿಚಾರ

ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಜೋಡಿಸುವವನು ತನ್ನ ಕರ್ಮಕ್ಕೆ ಎಷ್ಟರಮಟ್ಟಿಗೆ ಹೊಣೆಗಾರನು? ಪಾಠಶಾಲೆಯಲ್ಲಿ ಓದಿ, ಅನಂತರ ಬಿ.ಎ. ಮುಗಿಸಿ, ಉದರಪೋಷಣೆಗಾಗಿ ಬೆಂಗಳೂರಿನ ಒಂದು ಕಾರ್ಖಾನೆಯನ್ನು ಸೇರಿದ ನನಗೆ ಈ ಪ್ರಶ್ನೆಯು ಕೇವಲ ವಾಕ್ಯಾರ್ಥದ ವಿಷಯವಾಗಿ ಉಳಿಯಲಿಲ್ಲ.

ಅಲ್ಲಿ ವಿದ್ಯುತ್ ನಿಯಂತ್ರಣದ ಪೆಟ್ಟಿಗೆಗಳು ತಯಾರಾಗುತ್ತವೆ. ಚಲಿಸುವ ಪಟ್ಟಿಯ ಮೇಲೆ ಬರುವ ಪೆಟ್ಟಿಗೆಯಲ್ಲಿ ತಂತಿಯ ತುದಿಗಳನ್ನು ತಿರುಪುಗಳಿಂದ ಬಿಗಿಯುವುದಷ್ಟೇ ನನ್ನ ಪಾಲು. ನಿಗದಿಯಾದ ಬಿಗಿತ ಬಂದೊಡನೆ ಕೈಯ ಉಪಕರಣವು 'ಟಿಕ್' ಎಂದು ಸದ್ದುಮಾಡುತ್ತದೆ. ತಿರುಪು ಸಡಿಲವಾಗಿದ್ದರೂ ಮೊದಲ ದಿನ ದೀಪ ಉರಿಯಬಹುದು, ಪರೀಕ್ಷೆಯೂ ಮುಗಿಯಬಹುದು. ಆದರೆ ಸಡಿಲವಾದ ಸಂಧಿಯಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚಿ, ಶಾಖವುಂಟಾಗಿ, ಕಾಲಾಂತರದಲ್ಲಿ ತಂತಿಯ ಹೊದಿಕೆ ಸುಡುತ್ತದೆ, ಬೆಂಕಿಯೂ ಹುಟ್ಟಬಹುದು.

ಒಂದು ಸಂಜೆ ಪಾಳಿ ಮುಗಿಯುವ ಹೊತ್ತಿಗೆ, ಆ ಸದ್ದು ಕೇಳುವ ಮೊದಲೇ ನಾನು ಕೈ ತೆಗೆದೆನು. ಪೆಟ್ಟಿಗೆ ಮುಂದೆ ಸಾಗಿತು. ಹೇಳಿದ್ದರೆ ಕೆಲಸ ನಿಂತು ದಿನದ ಲೆಕ್ಕ ಕಡಮೆಯಾಗುತ್ತಿತ್ತು, ಸುಮ್ಮನಿದ್ದೆನು. 'ಯಂತ್ರದ ವೇಗ ನನ್ನದಲ್ಲ, ಮುಂದೆ ಪರೀಕ್ಷಕರಿದ್ದಾರೆ' ಎಂದು ಮನಸ್ಸಿಗೆ ಸಮಾಧಾನ ಹೇಳಿದೆನು. ಜೀವನು ಪರತಂತ್ರನೆಂದು ನಮ್ಮ ಸಿದ್ಧಾಂತವೇ ಸಾರುತ್ತದಲ್ಲವೇ ಎಂಬ ಕುತರ್ಕವೂ ಹೊಳೆಯಿತು. ಆದರೆ ಆ ಸದ್ದು ಕೇಳಲಿಲ್ಲವೆಂಬುದು ಒಳಗಿನ ಸಾಕ್ಷಿಗೆ ತಿಳಿದೇ ಇತ್ತು.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಬಡಗಿಯ ದೃಷ್ಟಾಂತವೊಂದುಂಟು. ಬಡಗಿಯು ಮಾಡಿಸುವವನ ಅಧೀನನಾಗಿದ್ದರೂ ಅವನಿಗೆ ಕರ್ತೃತ್ವವುಂಟು. ಜೀವನ ಕರ್ತೃತ್ವವೂ ಹಾಗೆಯೇ ಈಶಾಧೀನವಾದರೂ ಸತ್ಯವಾದುದೆಂದು ಶ್ರೀಮದಾಚಾರ್ಯರ ಅಭಿಪ್ರಾಯ. ಜೀವನು ಕರ್ತನೇ ಅಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳು ಯಾರಿಗಾಗಿ? ಪಾಠಶಾಲೆಯಲ್ಲಿ ಇದನ್ನು ಓದುವಾಗ ಆ ಬಡಗಿ ಬೇರೆ ಯಾರೋ ಆಗಿದ್ದನು. ಈಗ ಅವನು ನಾನೇ. ಅವಸರಪಡಿಸಿದವನಿಗೂ ದೋಷದಲ್ಲಿ ಪಾಲುಂಟು, ನಿಜ. ಆದರೆ ಪಾಲುಗಾರರು ಹೆಚ್ಚಿದರೆಂದು ನನ್ನ ಪಾಲು ಕರಗುವುದಿಲ್ಲ.

ದೀಪಾವಳಿಗೆ ಅಮಾಸೆಬೈಲಿನ ಮನೆಗೆ ಹೋದೆನು. 2022ರಲ್ಲಿ ದಿವಂಗತರಾದ ಎ. ಜಿ. ಕೊಡ್ಗಿಯವರ ಮುಂದಾಳತ್ವದಲ್ಲಿ ನಮ್ಮ ಗ್ರಾಮದ ಮನೆಗಳಿಗೆ ಸೌರದೀಪ ಬಂದ ಸಂಗತಿ ವಾಚಕರಿಗೆ ತಿಳಿದದ್ದೇ. ಆ ಬೆಳಕಿನಲ್ಲಿ ತಾಯಿಯವರು ಹರಿಕಥಾಮೃತಸಾರದ ಪಾರಾಯಣ ಮಾಡುತ್ತಿದ್ದರು. ಆ ದೀಪದ ತಂತಿಯನ್ನೂ ನನ್ನಂತಹವನೊಬ್ಬನು ಎಲ್ಲಿಯೋ ಕುಳಿತು ಬಿಗಿದಿರಬೇಕು. ತಂದೆಯವರು ಪೂಜೆಯ ವೇಳೆಯನ್ನು ನೋಡುವುದು ಹಳೆಯ ಎಚ್.ಎಂ.ಟಿ. ಕೈಗಡಿಯಾರದಲ್ಲಿ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಗಡಿಯಾರದ ಉದ್ಯಮವನ್ನು ಮುಚ್ಚಲು ಕೇಂದ್ರ ಸರಕಾರವು 2016ರಲ್ಲಿ ನಿರ್ಧರಿಸಿತು. ಉದ್ಯಮ ಹೋಯಿತು, ಜೋಡಿಸಿದವರ ಹೆಸರು ಯಾರಿಗೂ ತಿಳಿಯದು. ಅವರ ಕೈಯ ಪ್ರಾಮಾಣಿಕತೆ ಮಾತ್ರ ಇಂದಿಗೂ ನಡೆಯುತ್ತಿದೆ.

ತಂದೆಯವರಲ್ಲಿ ನಡೆದುದನ್ನು ನಿವೇದಿಸಿದೆನು. ಅವರು ಶಾಸ್ತ್ರವನ್ನು ಉದಾಹರಿಸಲಿಲ್ಲ. "ಗರ್ಭಗುಡಿಯ ತೆರೆ ಎಳೆದ ಮೇಲೆ ನಾನು ಒಂದು ಉಪಚಾರವನ್ನು ಬಿಟ್ಟರೆ ಹೊರಗಿನವರಿಗೆ ತಿಳಿಯದು. ಆದರೆ ಕೊನೆಯಲ್ಲಿ ಕೃಷ್ಣಾರ್ಪಣವೆಂದು ನೀರು ಬಿಡಬೇಕಲ್ಲ. ಆ ಪೆಟ್ಟಿಗೆಯ ಮೇಲೆ ನೀನು ನೀರು ಬಿಡಬಲ್ಲೆಯಾ?" ಎಂದಷ್ಟೇ ಕೇಳಿದರು.

ಮರಳಿ ಬಂದೊಡನೆ ಮೇಲ್ವಿಚಾರಕರಿಗೆ ದಿನಾಂಕಸಹಿತ ತಿಳಿಸಿದೆನು. ಬೈಗುಳವೂ ಸಂದಿತು. ಆ ದಿನದ ಪೆಟ್ಟಿಗೆಗಳಲ್ಲಿ ಕೆಲವನ್ನು ಹುಡುಕಿ ಬಿಗಿದರು. ಉಳಿದವು ಯಾರ ಮನೆಯಲ್ಲಿವೆಯೋ ಕಾಣೆನು. ಸಂಧ್ಯಾವಂದನೆಯ ಹೊತ್ತಿಗೆ ಆ ಮನೆಯ ನೆನಪಾಗುತ್ತದೆ. ಅಂದಿನಿಂದ 'ಟಿಕ್' ಸದ್ದು ಕೇಳುವವರೆಗೆ ನಾನು ಕೈ ತೆಗೆದಿಲ್ಲ. ಹೊತ್ತು ಸಾಲದಿದ್ದರೆ ಪಟ್ಟಿಯನ್ನೇ ನಿಲ್ಲಿಸುತ್ತೇನೆ. ಅರ್ಪಿಸಲು ಯೋಗ್ಯವಾಗುವಂತೆ ಕರ್ಮವನ್ನು ಮಾಡಿ ಮುಗಿಸುವುದು ಅರ್ಚಕನಿಗೆ ಹೇಗೋ ಜೋಡಣೆಗಾರನಿಗೂ ಹಾಗೆಯೇ ಕರ್ತವ್ಯವಾಗಿದೆ.

ಶ್ರೀಕೃಷ್ಣಾರ್ಪಣಮಸ್ತು.