ದಣಿವಿಗೆ ವಯಸ್ಸೆಷ್ಟು?

2008ರಲ್ಲಿ ರಾಜ್ಯ ಸರ್ಕಾರ ತನ್ನ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಕೊಪ್ಪಳದ ಕಚೇರಿಗಳಲ್ಲಿ ಅರವತ್ತು ಸಮೀಪಿಸಿದವರ ಮಾತು ಕೇಳಿ: ಗಳಿಕೆ ರಜೆ ಎಷ್ಟು ಉಳಿದಿದೆ, ಹಜ್ ಯಾವ ವರ್ಷ, ಮಗಳ ನಿಕಾಹ್ ಅದಕ್ಕೆ ಮೊದಲೋ ನಂತರವೋ. 2006ರ ಏಪ್ರಿಲ್ ನಂತರ ಸೇರಿದವರು ಹಳೆಯ ಪಿಂಚಣಿ ಇಲ್ಲವೆಂದು ಕೊರಗುತ್ತಾರೆ. ಆ ಕೊರಗಿಗೂ ಕಾರಣವಿದೆ. ದುಡಿದವರಿಗೆ ವಿಶ್ರಾಂತಿ ಹಕ್ಕು ಎನ್ನುತ್ತೇವೆ ನಾವು.

ಹಾಗಾದರೆ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲ ನಿವೃತ್ತನಾಗುವುದು ಯಾವಾಗ? ಅವನಿಗೆ ಬೀಳ್ಕೊಡುಗೆಯ ಶಾಲಿಲ್ಲ, ಹಾರವಿಲ್ಲ. ಐವತ್ತರ ಆಸುಪಾಸಿನಲ್ಲಿ ಸೊಂಟ ಒಪ್ಪದ ದಿನ ಅವನನ್ನು ಕರೆಯುವುದು ನಿಲ್ಲುತ್ತದೆ, ಅಷ್ಟೆ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳಲ್ಲಿ ಅದೂ ಇಲ್ಲ. ಎಪ್ಪತ್ತರ ಅಜ್ಜಿಯೂ ಕಳೆ ತೆಗೆಯಲು ಹೋಗುತ್ತಾಳೆ. ಬಡವರಿಗೆ ವೃದ್ಧಾಪ್ಯ ವೇತನ 60ಕ್ಕೆ, ಕೂಲಿಕಾರರ ಮತ್ತು ನೇಕಾರರ ಸಂಧ್ಯಾ ಸುರಕ್ಷಾ 65ಕ್ಕೆ. ಬೆನ್ನು ಐವತ್ತಕ್ಕೇ ಸೋತವನು ನಡುವಿನ ವರ್ಷಗಳನ್ನು ಏನು ತಿಂದು ಕಳೆಯಬೇಕು? ಕುರ್ಚಿಯ ದಣಿವನ್ನು ಅಳೆದ ಅಳತೆಯಿಂದಲೇ ಚೀಲದ ದಣಿವನ್ನೂ ಅಳೆದಿದ್ದೇವೆ. ಆ ಅಳತೆ ಮಾಡಿದವರು ಚೀಲ ಹೊತ್ತವರಲ್ಲ ಎಂದು ಬೇರೆ ಹೇಳಬೇಕೆ?

ನಿವೃತ್ತಿಯ ಅಂಚಿನ ನಮ್ಮವರು ಇನ್ನು ಮೇಲೆ ಐದೂ ಹೊತ್ತು ಮಸೀದಿಯಲ್ಲೇ ಎನ್ನುತ್ತಾರೆ. ಸಂತೋಷ. ಆದರೆ ಮೊದಲ ಸಫ್‌ನಲ್ಲಿ ನಿಲ್ಲಲು ಸಿಕ್ಕ ಆ ಬಿಡುವು ಭಕ್ತಿಯ ಫಲವೋ, ಪಿಂಚಣಿಯದೋ? ಜೊಹರ್ ನಮಾಜಿಗೆ ಓಡಿಬಂದು ಹಿಂದಿನ ಸಾಲು ಸೇರುವವನ ಅಂಗಿಯಲ್ಲಿ ಇನ್ನೂ ತೌಡಿನ ಪುಡಿ ಇರುತ್ತದೆ. ಬಿಡುವಾದ ಮೇಲೆ ನಾವು ಅವನ ಅರ್ಜಿ ತುಂಬಬಹುದು, ವಯಸ್ಸಿನ ದಾಖಲೆ ಹುಡುಕಿಕೊಡಬಹುದು, ತಹಶೀಲ್ದಾರ್ ಕಚೇರಿಗೆ ಜೊತೆಗೆ ಹೋಗಬಹುದು. ಯಾವ ಮೇಜಿನ ಮೇಲೆ ಕಾಗದ ನಿಂತುಬಿಡುತ್ತದೆಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?